ಮಗುವಿನ ತೂಕ, ಸಿಸ್ಟರ್ ಲೆಕ್ಕ

ಅಡ್ರಿನಲಿನ್ ಇಂಜೆಕ್ಷನ್ ಬರುವುದು ಕಿರುಬೆರಳಷ್ಟೂ ಇಲ್ಲದ ಗಾಜಿನ ಆಂಪ್ಯೂಲ್‌ನಲ್ಲಿ. ಒಳಗೆ 1 ಮಿ.ಲೀ. ದ್ರವ, ಅದರಲ್ಲಿ 1 ಮಿ.ಗ್ರಾಂ ಔಷಧ. ಎಪ್ಪತ್ತು ಕೆ.ಜಿ. ತೂಕದ ಗಂಡಸಿನ ಹೃದಯ ನಿಂತರೂ ಒಡೆಯುವುದು ಇದನ್ನೇ, ಏಳು ಕೆ.ಜಿ.ಯ ಕೂಸಿನ ಹೃದಯ ನಿಂತರೂ ಇದನ್ನೇ. ದೊಡ್ಡವರಿಗಾದರೆ ಲೆಕ್ಕದ ಗೋಜೇ ಇಲ್ಲ, ಇಡೀ ಆಂಪ್ಯೂಲ್ ರಕ್ತನಾಳಕ್ಕೆ. ಕೂಸಿಗೆ ಬೇಕಾದದ್ದು ಕೆ.ಜಿ.ಗೆ 0.01 ಮಿ.ಗ್ರಾಂನಂತೆ 0.07 ಮಿ.ಗ್ರಾಂ ಮಾತ್ರ. ಅಷ್ಟು ಸಣ್ಣ ಪ್ರಮಾಣವನ್ನು ನೇರವಾಗಿ ಅಳೆದು ಎಳೆಯುವುದು ಕಷ್ಟ. ಅದಕ್ಕೇ ಸಿಸ್ಟರ್ 10 ಮಿ.ಲೀ. ಸಿರಿಂಜಿಗೆ ಆಂಪ್ಯೂಲನ್ನು ಪೂರ್ತಿ ಎಳೆದುಕೊಂಡು, ಅದರ ಮೇಲೆ 9 ಮಿ.ಲೀ. ಸಲೈನ್ ಎಳೆದು, ಆ ಹತ್ತರಲ್ಲಿ 0.7 ಮಿ.ಲೀ. ಕೊಡುತ್ತಾರೆ. ಒಬ್ಬರು ಕೂಸಿನ ಎದೆ ಒತ್ತುತ್ತಾ ಗಟ್ಟಿಯಾಗಿ ಎಣಿಸುತ್ತಿರುತ್ತಾರೆ, ಬಾಗಿಲಲ್ಲಿ ತಾಯಿ ಕೂಗುತ್ತಿರುತ್ತಾಳೆ. ಅದರ ನಡುವೆ ಈ ಲೆಕ್ಕವೆಲ್ಲ ಒಂದೆರಡು ನಿಮಿಷದಲ್ಲಿ ಮುಗಿಯಬೇಕು.

ಅದೇ ಕೂಸಿಗೆ ಹೃದಯ ನಿಂತಿಲ್ಲ, ಯಾವುದೋ ಔಷಧ ಒಗ್ಗದೆ ಮೈತುಂಬ ದದ್ದು ಎದ್ದು ಉಸಿರು ಕಟ್ಟುತ್ತಿದೆ ಎಂದಿಟ್ಟುಕೊಳ್ಳಿ. ಆಂಪ್ಯೂಲ್ ಅದೇ, ಮಿ.ಗ್ರಾಂ ಕೂಡ ಅಷ್ಟೇ. ಆದರೆ ಈ ಸಲ ಡೈಲ್ಯೂಟ್ ಮಾಡುವ ಹಾಗಿಲ್ಲ. 1 ಮಿ.ಲೀ.ನ ಸಣ್ಣ ಸಿರಿಂಜಿನಲ್ಲಿ 0.07 ಮಿ.ಲೀ. ಎಳೆದು ತೊಡೆಯ ಸ್ನಾಯುವಿಗೆ ಚುಚ್ಚಬೇಕು. ಮೊದಲ ಲೆಕ್ಕದ 0.7 ಎಂಬ ಅಂಕಿ ತಲೆಯಲ್ಲಿ ಉಳಿದು, ಡೈಲ್ಯೂಟ್ ಮಾಡದ ಔಷಧವನ್ನು ಅಷ್ಟು ಎಳೆದರೆ ಕೂಸಿಗೆ ಹೋಗುವುದು ಹತ್ತು ಪಟ್ಟು. ಆಸ್ಪತ್ರೆಯ ಮಾತಿನಲ್ಲಿ ಈ ಎರಡು ದ್ರಾವಣಗಳಿಗೆ ‘ಒನ್ ಇನ್ ಥೌಸಂಡ್’, ‘ಒನ್ ಇನ್ ಟೆನ್ ಥೌಸಂಡ್’ ಎಂದು ಹೆಸರು. ಗದ್ದಲದಲ್ಲಿ ಒಂದು ಇನ್ನೊಂದರಂತೆ ಕೇಳಿಸಿದ್ದರಿಂದ ಅನಾಹುತಗಳಾಗಿವೆ. ಅಮೆರಿಕದಲ್ಲಿ 2016ರಿಂದ ಅಡ್ರಿನಲಿನ್ ಲೇಬಲ್ ಮೇಲೆ ಈ ಅನುಪಾತವನ್ನು ಮುದ್ರಿಸುವುದನ್ನೇ ಬಿಡಿಸಿ, ಒಂದು ಮಿ.ಲೀ.ನಲ್ಲಿ ಎಷ್ಟು ಮಿ.ಗ್ರಾಂ ಎಂದಷ್ಟೇ ಬರೆಯಬೇಕೆಂದು ನಿಯಮ ಮಾಡಿದರು.

ಔಷಧ ಎಷ್ಟು ಎಂದು ಹೇಳುವವರು ಡಾಕ್ಟರು. ಅವರು ಹೇಳುವುದು ಸಾಮಾನ್ಯವಾಗಿ ಮಿ.ಗ್ರಾಂಗಳಲ್ಲಿ. ಸಿರಿಂಜಿಗೆ ಮಿ.ಗ್ರಾಂ ಗೊತ್ತಿಲ್ಲ, ಅದರ ಮೈಮೇಲಿರುವುದು ಮಿ.ಲೀ. ಗೆರೆಗಳು. ಮಿ.ಗ್ರಾಂ ಮಿ.ಲೀ. ಆಗುವುದು ಸಿಸ್ಟರ್ ತಲೆಯಲ್ಲಿ. ಅಲ್ಲಿ ತಪ್ಪಿದರೆ ಅದನ್ನು ಹಿಡಿಯಲು ಮುಂದೆ ಇನ್ಯಾರೂ ಇಲ್ಲ, ಸೂಜಿಯ ಆಚೆ ಇರುವುದು ಮಗು. ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ನರ್ಸ್‌ಗಳ ಔಷಧ ಜ್ಞಾನದ ಬಗ್ಗೆ ಮಾತಾಡುವಾಗ ಈ ಒಂದು ಹಂತದ ಮೇಲೆ ನಾವು ಎಷ್ಟು ಭಾರ ಹೊರಿಸಿದ್ದೇವೆ ಎಂಬುದನ್ನು ಮೊದಲು ನೋಡಬೇಕು.

ದೊಡ್ಡವರ ವಾರ್ಡಿನಲ್ಲಿ ಬಹುಪಾಲು ಔಷಧಗಳು ಎಲ್ಲರಿಗೂ ಒಂದೇ ಅಳತೆ. ನಲವತ್ತೈದು ಕೆ.ಜಿ.ಯ ಅಜ್ಜಿಗೂ ತೊಂಬತ್ತು ಕೆ.ಜಿ.ಯ ಮೊಮ್ಮಗನಿಗೂ ಒಂದೇ ಮಾತ್ರೆ. ಮಕ್ಕಳ ವಿಭಾಗದಲ್ಲಿ ಹಾಗಲ್ಲ. ದಿನ ತುಂಬುವ ಮೊದಲೇ ಹುಟ್ಟಿದ 900 ಗ್ರಾಂ ಕೂಸಿನಿಂದ ಹಿಡಿದು 45 ಕೆ.ಜಿ.ಯ ಹೈಸ್ಕೂಲು ಹುಡುಗನವರೆಗೆ ಐವತ್ತು ಪಟ್ಟಿನ ಅಂತರ. ಹೀಗಾಗಿ ದೊಡ್ಡವರಲ್ಲಿ ಕಣ್ಣಿಗೆ ಹೊಡೆಯುವ ತಪ್ಪು ಇಲ್ಲಿ ಕಾಣುವುದೇ ಇಲ್ಲ. ದೊಡ್ಡವರಿಗೆ ಹತ್ತು ಪಟ್ಟು ಕೊಡಬೇಕೆಂದರೆ ಹತ್ತು ಆಂಪ್ಯೂಲ್ ಒಡೆಯಬೇಕು, ಐದನೆಯದು ಒಡೆಯುವಾಗಲೇ ಕೈ ನಿಲ್ಲುತ್ತದೆ. ಕೂಸಿಗೆ ಹತ್ತು ಪಟ್ಟು ಅದೇ ಒಂದು ಆಂಪ್ಯೂಲಿನೊಳಗೇ ಇರುತ್ತದೆ. ಬಾಸ್ಟನ್‌ನ ಎರಡು ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಮಿಕ್ಕಿದ ಔಷಧ ಸೂಚನೆಗಳನ್ನು ಪರಿಶೀಲಿಸಿ 2001ರಲ್ಲಿ ರೈನು ಕೌಶಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 5.7ರಲ್ಲಿ ಏನಾದರೊಂದು ತಪ್ಪಿತ್ತು. ಹೆಚ್ಚುಕಡಿಮೆ ದೊಡ್ಡವರಲ್ಲಿ ಕಾಣುವಷ್ಟೇ. ಆದರೆ ಹಾನಿ ಮಾಡಬಲ್ಲಂಥ ತಪ್ಪುಗಳು ಮಕ್ಕಳಲ್ಲಿ ಮೂರು ಪಟ್ಟು ಹೆಚ್ಚಿದ್ದವು.

ಹಾಗಾದರೆ ದೊಡ್ಡವರ ಡೋಸನ್ನು ತೂಕದ ಪ್ರಕಾರ ಭಾಗಿಸಿದರೆ ಸಾಕೇ? ಸಾಲದು. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕವನ್ನು ನವಜಾತ ಶಿಶುಗಳಿಗೆ ಧಾರಾಳವಾಗಿ ಕೊಡುತ್ತಿದ್ದರು. ಕೆಲವು ಶಿಶುಗಳ ಹೊಟ್ಟೆ ಉಬ್ಬಿ, ಮೈ ಬೂದಿಬಣ್ಣಕ್ಕೆ ತಿರುಗಿ ಸಾಯುತ್ತಿದ್ದವು. ಎಳೆ ಪಿತ್ತಜನಕಾಂಗಕ್ಕೆ ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಅದು ಮೈಯಲ್ಲೇ ಶೇಖರವಾಗುತ್ತದೆ ಎಂಬುದು 1959ರ ಹೊತ್ತಿಗೆ ತಿಳಿಯಿತು. ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಇದೆ. ತೀವ್ರ ಮಲೇರಿಯಾಕ್ಕೆ ಕೊಡುವ ಆರ್ಟಿಸುನೇಟ್ ದೊಡ್ಡವರಿಗೆ ಕೆ.ಜಿ.ಗೆ 2.4 ಮಿ.ಗ್ರಾಂ. ಇಪ್ಪತ್ತು ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕೆ.ಜಿ.ಗೆ 3 ಮಿ.ಗ್ರಾಂ. ಚಿಕ್ಕ ಮೈಗೆ ಕೆ.ಜಿ. ಲೆಕ್ಕದಲ್ಲಿ ಹೆಚ್ಚು ಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಈ ಔಷಧ ಮೈಯಿಂದ ಬೇಗ ಹೊರಹೋಗುತ್ತದೆ.

ಹಾವು ಕಚ್ಚಿದಾಗಿನ ಲೆಕ್ಕವೇ ಬೇರೆ. ಹೊಲಗದ್ದೆಯ ಮನೆಗಳಿರುವ ನಮ್ಮ ತಾಲ್ಲೂಕುಗಳಲ್ಲಿ ಇದು ದೂರದ ಮಾತಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ, ಆಸ್ಪತ್ರೆಗಳಲ್ಲಿ ‘ಎಎಸ್‌ವಿ’ ಎನ್ನುತ್ತಾರೆ. ಹನ್ನೆರಡು ಕೆ.ಜಿ.ಯ ಮಗುವಿಗೆ ಎಷ್ಟು ವಯಲ್? ತೂಕದ ಲೆಕ್ಕವೇ ಅಭ್ಯಾಸವಾದ ಕೈ ಎರಡು ವಯಲ್ ಸಾಕೆನ್ನಬಹುದು. ಆದರೆ ಹಾವು ಮಗುವೆಂದು ನೋಡಿ ವಿಷ ಕಡಿಮೆ ಮಾಡುವುದಿಲ್ಲ. ಪ್ರತಿವಿಷ ಕೊಡುವುದು ವಿಷವನ್ನು ಹೊಡೆದುಹಾಕಲು, ಅದಕ್ಕೂ ಮಗುವಿನ ತೂಕಕ್ಕೂ ಸಂಬಂಧವಿಲ್ಲ. ಹಾಗಾಗಿ ದೊಡ್ಡವರಿಗೆ ಮೊದಲಿಗೆ ಹತ್ತು ವಯಲ್ ಕೊಟ್ಟರೆ ಮಗುವಿಗೂ ಹತ್ತೇ.

ಮುಂದಿನ ಹೆಜ್ಜೆಯಲ್ಲೇ ತೂಕ ಮತ್ತೆ ಬರುತ್ತದೆ. ಪುಡಿಯ ರೂಪದ ಪ್ರತಿ ವಯಲನ್ನು 10 ಮಿ.ಲೀ. ನೀರಿನಲ್ಲಿ ಕಲಕಿದರೆ ಹತ್ತು ವಯಲ್‌ಗೆ 100 ಮಿ.ಲೀ. ಆಯಿತು. ದೊಡ್ಡವರಿಗಾದರೆ ಅದನ್ನು ಒಂದು ದೊಡ್ಡ ಸಲೈನ್ ಬಾಟಲಿಗೆ ಸೇರಿಸಿ ಬಿಡಬಹುದು, ಹನ್ನೆರಡು ಕೆ.ಜಿ.ಯ ಮೈ ಅಷ್ಟು ನೀರನ್ನು ತಾಳದು. ಕೆ.ಜಿ.ಗೆ 10 ಮಿ.ಲೀ. ಮೀರದಂತೆ, ಒಟ್ಟು 120 ಮಿ.ಲೀ. ಒಳಗೆ ನಿಲ್ಲಿಸಬೇಕು. ಕುದುರೆಯ ರಕ್ತದಿಂದ ತಯಾರಾಗುವ ಈ ಪ್ರತಿವಿಷ ಕೆಲವರಿಗೆ ಒಗ್ಗುವುದಿಲ್ಲ. ಅದಕ್ಕೇ ಡ್ರಿಪ್ ಶುರುವಾಗುವ ಮೊದಲೇ ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಲೋಡ್ ಮಾಡಿ ಇಟ್ಟಿರಬೇಕು, ಕೆ.ಜಿ.ಗೆ 0.01ರಂತೆ 0.12 ಮಿ.ಲೀ. ಒಂದೇ ಮಗು, ಒಂದೇ ಮಂಚ, ಒಂದೇ ಗಂಟೆಯೊಳಗೆ ಮೂರು ಬಗೆಯ ಲೆಕ್ಕ: ತೂಕ ನೋಡದೆ ಕೊಡುವ ಪ್ರತಿವಿಷ, ತೂಕ ನೋಡಿ ಹಿಡಿತದಲ್ಲಿಡುವ ನೀರು, ತೂಕಕ್ಕೆ ತಕ್ಕಂತೆ ಸೊನ್ನೆಗಳನ್ನು ಎಣಿಸಿ ಎಳೆಯುವ ಅಡ್ರಿನಲಿನ್. ಇದನ್ನು ಸರಾಗವಾಗಿ ಮಾಡುವ ಸಿಸ್ಟರ್‌ಗಳು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದ್ದಾರೆ. ಅವರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಚೇಳು ಕುಟುಕಿದ ಮಗುವಿನ ವಿಷಯವೂ ಹೀಗೇ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕೂತು ಕೆಂಪು ಚೇಳಿನ ವಿಷಕ್ಕೆ ಮದ್ದು ಹುಡುಕಿದವರು ಡಾ. ಹಿಮ್ಮತ್‌ರಾವ್ ಬಾವಸ್ಕರ್. ರಕ್ತದೊತ್ತಡದ ಮಾತ್ರೆಯಾದ ಪ್ರಾಜೋಸಿನ್ ಜೀವ ಉಳಿಸುತ್ತದೆ ಎಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡೋಸ್ ಕೆ.ಜಿ.ಗೆ 30 ಮೈಕ್ರೋಗ್ರಾಂ, ಹತ್ತು ಕೆ.ಜಿ.ಗೆ 0.3 ಮಿ.ಗ್ರಾಂ. ಕೈಯಲ್ಲಿರುವುದು 1 ಮಿ.ಗ್ರಾಂ ಮಾತ್ರೆ. ಅದನ್ನು ಚೂರು ಮಾಡಿ ಕಣ್ಣಳತೆಯಲ್ಲಿ ಕೊಡುವುದಕ್ಕಿಂತ 10 ಮಿ.ಲೀ. ನೀರಿನಲ್ಲಿ ಕಲಸಿ 3 ಮಿ.ಲೀ. ಕೊಡುವುದು ಮೇಲು. ಅಂಗಡಿಯಿಂದ ತಂದದ್ದು ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾಗಿದ್ದರೆ ಅದನ್ನು ಪುಡಿ ಮಾಡಲೇಬಾರದು. ಸ್ಟ್ರಿಪ್ ತಿರುಗಿಸಿ ಓದುವ ಅಭ್ಯಾಸವಿರುವ ಸಿಸ್ಟರ್ ಕಣ್ಣಿಗೆ ಮಾತ್ರ ಇದು ಬೀಳುತ್ತದೆ.

ಎಲ್ಲ ಲೆಕ್ಕವೂ ತೂಕದಿಂದ ಶುರುವಾಗುವುದಾದರೆ, ಆ ತೂಕ ಎಲ್ಲಿಂದ ಬರಬೇಕು? ಫಿಟ್ಸ್ ಬಂದು ಸೆಟೆದುಕೊಂಡಿರುವ ಮಗುವನ್ನು ತಕ್ಕಡಿಯ ಮೇಲೆ ಮಲಗಿಸುವುದು ಸುಲಭವಲ್ಲ. ಉತ್ತರ ಕೆರೊಲಿನಾದ ತುರ್ತು ಚಿಕಿತ್ಸಾ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಮಗುವಿನ ಉದ್ದಕ್ಕೆ ಒಂದು ಟೇಪ್ ಹಾಸುವುದು, ಹಿಮ್ಮಡಿ ಯಾವ ಬಣ್ಣದ ಪಟ್ಟಿಗೆ ಬರುತ್ತದೋ ಅಲ್ಲಿ ಅಂದಾಜು ತೂಕವೂ ಔಷಧಗಳ ಡೋಸೂ ಅಚ್ಚಾಗಿರುತ್ತವೆ. ಇದರಿಂದ ಎಷ್ಟು ಜೀವ ಉಳಿದಿವೆಯೋ. ಆದರೆ ಆ ಬಣ್ಣಗಳು ಅಮೆರಿಕದ ಮಕ್ಕಳ ಮೈಗೆ ಹೊಂದಿಸಿದವು. ಮುಂಬೈಯ ಮಕ್ಕಳ ಮೇಲೆ ಈ ಟೇಪನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ಕೆ.ಜಿ. ದಾಟಿದ ಮಕ್ಕಳಲ್ಲಿ ಟೇಪ್ ಹೇಳುವ ತೂಕ ನಿಜವಾದ ತೂಕಕ್ಕಿಂತ ಶೇ 10ಕ್ಕೂ ಹೆಚ್ಚಿತ್ತು. ನಮ್ಮಲ್ಲಿ ಬಳಕೆಯಲ್ಲಿರುವ ಸೂತ್ರ ವಯಸ್ಸನ್ನು ಎರಡರಿಂದ ಗುಣಿಸಿ ಎಂಟು ಕೂಡಿಸುವುದು. ನಾಲ್ಕು ವರ್ಷದ ಮಗುವಿಗೆ 16 ಕೆ.ಜಿ. ಸರಿಯಾಗಿ ಉಣ್ಣಲು ಸಿಗದೆ ಸೊರಗಿದ ನಾಲ್ಕು ವರ್ಷದ ಮಗು 12 ಕೆ.ಜಿ. ಇರಬಹುದು. ಆ ಮಗುವಿಗೆ ಸೂತ್ರದ ಪ್ರಕಾರ ಕೊಟ್ಟ ಪ್ರತಿ ಔಷಧವೂ ಮೂರನೇ ಒಂದು ಪಾಲು ಹೆಚ್ಚು. ಬಡ ಮಗುವಿನ ಮೇಲೆಯೇ ಹೆಚ್ಚಿನ ಡೋಸ್ ಬೀಳುವ ಈ ಅನ್ಯಾಯವನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನು ಔಷಧದ ಸಾಂದ್ರತೆ. ಫಿಟ್ಸ್ ನಿಲ್ಲಿಸಲು ಕೊಡುವ ಮಿಡಜೋಲಾಮ್ ನಮ್ಮ ಮಾರುಕಟ್ಟೆಯಲ್ಲಿ ಒಂದು ಮಿ.ಲೀ.ಗೆ 1 ಮಿ.ಗ್ರಾಂ ಇರುವುದೂ ಇದೆ, 5 ಮಿ.ಗ್ರಾಂ ಇರುವುದೂ ಇದೆ. ಹತ್ತು ಕೆ.ಜಿ.ಯ ಮಗುವಿಗೆ ರಕ್ತನಾಳದ ಮೂಲಕ ಬೇಕಾದದ್ದು 1 ಮಿ.ಗ್ರಾಂ. ಮೊದಲನೆಯದರಲ್ಲಿ 1 ಮಿ.ಲೀ., ಎರಡನೆಯದರಲ್ಲಿ 0.2 ಮಿ.ಲೀ. ‘ಹತ್ತು ಕೆ.ಜಿ.ಗೆ ಒಂದು ಎಂಎಲ್’ ಎಂದು ವರ್ಷಗಟ್ಟಲೆ ಕೊಟ್ಟು ಅಭ್ಯಾಸವಾದ ಮೇಲೆ ಒಂದು ರಾತ್ರಿ ಟ್ರೇಯಲ್ಲಿ ಬೇರೆ ಕಂಪನಿಯ ಆಂಪ್ಯೂಲ್ ಇದ್ದರೆ, ಫಿಟ್ಸ್ ಜತೆಗೆ ಉಸಿರೂ ನಿಲ್ಲಬಹುದು. ಡ್ರಿಪ್ ಸೆಟ್‌ನದೂ ಇದೇ ಕಥೆ. ಮೈಕ್ರೋ ಸೆಟ್‌ನಲ್ಲಿ ಒಂದು ಮಿ.ಲೀ.ಗೆ 60 ಹನಿ, ಸಾಮಾನ್ಯ ಸೆಟ್‌ನಲ್ಲಿ 20. ಗಂಟೆಗೆ 46 ಮಿ.ಲೀ. ಹೋಗಬೇಕಾದ ಮಗುವಿಗೆ ಮೈಕ್ರೋ ಸೆಟ್ಟಿನ ಲೆಕ್ಕದಲ್ಲಿ ನಿಮಿಷಕ್ಕೆ 46 ಹನಿ ಬಿಟ್ಟು, ಹಾಕಿದ್ದು ಸಾಮಾನ್ಯ ಸೆಟ್ ಆಗಿದ್ದರೆ ಮೂರು ಪಟ್ಟು ನೀರು ಒಳಗೆ. ‘ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ ಸಿಸ್ಟರ್’ ಎಂದು ಒತ್ತಾಯಿಸುವ ಮನೆಯವರಿಗೆ ಡ್ರಿಪ್ ಔಷಧವೆಂದೇ ಅನ್ನಿಸುವುದಿಲ್ಲ. ಉಗಾಂಡ, ಕೀನ್ಯಾ, ತಾಂಜಾನಿಯಾಗಳಲ್ಲಿ ಜ್ವರದಿಂದ ರಕ್ತಸಂಚಾರ ಕುಗ್ಗಿದ 3,141 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಂದ ಕೂಡಲೇ ವೇಗವಾಗಿ ಡ್ರಿಪ್ ಏರಿಸಿದ ಮಕ್ಕಳಲ್ಲಿ ಎರಡು ದಿನದೊಳಗೆ ಸತ್ತವರು ಶೇ 10ಕ್ಕಿಂತ ಹೆಚ್ಚು, ಹಾಗೆ ಏರಿಸದ ಮಕ್ಕಳಲ್ಲಿ ಶೇ 7.3.

ಇಷ್ಟೆಲ್ಲ ಹೇಳಿದ ಮೇಲೆ ನರ್ಸ್‌ಗಳಿಗೆ ಇನ್ನಷ್ಟು ಪರೀಕ್ಷೆ ಇಡಬೇಕು, ಅಂಕ ಕಡಿಮೆ ಬಂದವರನ್ನು ಬದಲಾಯಿಸಬೇಕು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಮೆಥಡಿಸ್ಟ್ ಆಸ್ಪತ್ರೆಯಲ್ಲಿ ಆರು ನವಜಾತ ಶಿಶುಗಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅತಿಯಾಗಿ ಹೋಗಿ ಮೂರು ತೀರಿಕೊಂಡವು. ಔಷಧಾಲಯದವರು ಒಂದು ಮಿ.ಲೀ.ಗೆ 10 ಯೂನಿಟ್ ಇರುವ ವಯಲ್‌ಗಳ ಜಾಗದಲ್ಲಿ 10,000 ಯೂನಿಟ್‌ನವನ್ನು ತುಂಬಿದ್ದರು. ಎರಡರ ಲೇಬಲ್ಲೂ ನೀಲಿ. ಆ ಡ್ರಾಯರಿನಲ್ಲಿ ಸದಾ ಒಂದೇ ಬಗೆಯ ವಯಲ್ ನೋಡಿದ್ದ ನರ್ಸ್‌ಗಳ ಕಣ್ಣಿಗೆ ಅದು ಕಾಣಲಿಲ್ಲ. ಮರುವರ್ಷ ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಅದೇ ತಪ್ಪು ಮರುಕಳಿಸಿ, ನಟ ಡೆನಿಸ್ ಕ್ವೇಡ್ ಅವರ ಅವಳಿ ಕೂಸುಗಳು ಸಾವಿನ ಅಂಚಿಗೆ ಹೋಗಿ ಉಳಿದವು. ಅಲ್ಲಿನ ನರ್ಸ್‌ಗಳಿಗೆ ಹೆಪಾರಿನ್ ಬಗ್ಗೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಪೂರ್ತಿ ಅಂಕ ಬರುತ್ತಿತ್ತೇನೋ. 2010ರಲ್ಲಿ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಅನುಭವವಿದ್ದ ನರ್ಸ್ ಒಬ್ಬರು ಲೆಕ್ಕ ಜಾರಿ 140 ಮಿ.ಗ್ರಾಂ ಬದಲು 1.4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕೊಟ್ಟರು. ಗೊತ್ತಾದ ಕೂಡಲೇ ತಾವೇ ಹೇಳಿದರು. ಮೊದಲೇ ತೀರಾ ಅಸ್ವಸ್ಥವಾಗಿದ್ದ ಕೂಸು ಕೆಲವು ದಿನಗಳ ನಂತರ ತೀರಿಕೊಂಡಿತು. ಅವರ ಕೆಲಸ ಹೋಯಿತು, ಮುಂದಿನ ವರ್ಷ ಅವರೂ ಪ್ರಾಣ ಕಳೆದುಕೊಂಡರು. ತಪ್ಪನ್ನು ಬಾಯಿಬಿಟ್ಟವರಿಗೆ ಶಿಕ್ಷೆ ಎಂದಾದರೆ ಮುಂದಿನವರು ಬಾಯಿ ಬಿಡುವುದಿಲ್ಲ, ಆ ತಪ್ಪು ಇನ್ನೊಂದು ಮಗುವಿಗಾಗಿ ಕಾದು ಕೂರುತ್ತದೆ.

ಬಾಯಿಲೆಕ್ಕದ ಹೊರೆಯನ್ನು ಇಳಿಸಬೇಕು. ಅದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಆಸ್ಪತ್ರೆಯಲ್ಲಿ ಸದ್ಯ ಇರುವ ಆಂಪ್ಯೂಲ್‌ಗಳ ಸಾಂದ್ರತೆಗೇ ಹೊಂದಿಸಿ, ಮೂರು ಕೆ.ಜಿ.ಯಿಂದ ಮೂವತ್ತು ಕೆ.ಜಿ.ವರೆಗೆ ಪ್ರತಿ ತೂಕಕ್ಕೂ ಎಷ್ಟು ಮಿ.ಲೀ. ಎಳೆಯಬೇಕು ಎಂಬ ಒಂದು ಪಟ್ಟಿ, ದಪ್ಪ ಅಕ್ಷರದಲ್ಲಿ, ಔಷಧದ ಟ್ರೇ ಮೇಲಿನ ಗೋಡೆಗೆ. ಟೆಂಡರ್ ಬದಲಾಗಿ ಬೇರೆ ಸಾಂದ್ರತೆಯ ಔಷಧ ಬಂದ ದಿನವೇ ಪಟ್ಟಿಯೂ ಬದಲಾಗಬೇಕು. ‘.5’ ಎಂದು ಬರೆದರೆ ಚುಕ್ಕಿ ಮಸುಕಾಗಿ 5 ಆಗುತ್ತದೆ, ‘1.0’ ಎಂದರೆ 10 ಆಗುತ್ತದೆ. ಹಾಗಾಗಿ ‘0.5’ ಎಂದೇ, ‘1’ ಎಂದೇ ಬರೆಯಬೇಕು. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಸಿಸ್ಟರ್ ಗಟ್ಟಿಯಾಗಿ ತಿರುಗಿ ಹೇಳಿ, ಡಾಕ್ಟರು ಹೌದೆಂದ ಮೇಲೆಯೇ ಕೊಡಬೇಕು: ‘ಹನ್ನೆರಡು ಕೆ.ಜಿ., ಫೆನಿಟೋಯಿನ್ ಇನ್ನೂರ ನಲವತ್ತು ಎಂಜಿ, ನಾಲ್ಕು ಪಾಯಿಂಟ್ ಎಂಟು ಎಂಎಲ್, ನಾರ್ಮಲ್ ಸಲೈನ್‌ನಲ್ಲಿ, ಇಪ್ಪತ್ತು ನಿಮಿಷದಲ್ಲಿ ನಿಧಾನವಾಗಿ.’ ಈ ಒಂದು ವಾಕ್ಯದಲ್ಲಿ ತೂಕ, ಡೋಸ್, ಅಳತೆ, ವೇಗ ಎಲ್ಲವೂ ಇದೆ. ಫಿಟ್ಸ್‌ಗೆ ಕೊಡುವ ಈ ಫೆನಿಟೋಯಿನ್ ಗ್ಲೂಕೋಸ್‌ಗೆ ಬಿದ್ದರೆ ಹರಳುಗಟ್ಟುತ್ತದೆ ಎಂಬ ಎಚ್ಚರವೂ ಅದರಲ್ಲಿದೆ. ಇನ್ನೊಬ್ಬ ನರ್ಸ್ ತಾಳೆ ನೋಡುವುದಾದರೆ ಮೊದಲಿನವರ ಉತ್ತರ ಕೇಳಿ ತಲೆಯಾಡಿಸುವುದಲ್ಲ, ತಾವೇ ಬೇರೆಯಾಗಿ ಲೆಕ್ಕ ಹಾಕಬೇಕು.

ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್ ಇದ್ದರೆ ತಾಳೆ ನೋಡುವವರಾರು? ಎಲ್ಲ ಮಾತೂ ಬಂದು ನಿಲ್ಲುವುದು ಇಲ್ಲಿಗೆ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಔಷಧ ಕೊಡುವಾಗ ನಡುವೆ ಬಂದ ಪ್ರತಿ ಅಡ್ಡಿಗೂ ತಪ್ಪು ಸುಮಾರು ಶೇ 12ರಷ್ಟು ಹೆಚ್ಚುತ್ತಿತ್ತು. ಅದು ದೊಡ್ಡವರ ವಾರ್ಡ್. ನಮ್ಮ ಕ್ಯಾಷುಯಾಲ್ಟಿಯಲ್ಲಿ ಸಿರಿಂಜ್ ಹಿಡಿದ ಸಿಸ್ಟರ್‌ನ ಸೆರಗು ಜಗ್ಗಿ ‘ನಮ್ ಚೀಟಿ ಎಲ್ಲಿ’ ಎಂದು ಕೇಳುವವರೆಷ್ಟು ಜನ! ಮಕ್ಕಳ ತುರ್ತು ಚಿಕಿತ್ಸೆಯಲ್ಲಿ ತರಬೇತಿ ಪಡೆದ ಸಿಸ್ಟರನ್ನು ಕೆಲವೇ ತಿಂಗಳಲ್ಲಿ ಹೆರಿಗೆ ವಾರ್ಡಿಗೋ ಆಪರೇಷನ್ ಥಿಯೇಟರಿಗೋ ಹಾಕುವ ಪದ್ಧತಿ ಬೇರೆ. ಬಳಸದ ತರಬೇತಿ ವರ್ಷ ತುಂಬುವುದರೊಳಗೆ ಮಸುಕಾಗುತ್ತದೆ. ಒಂದೇ ಸಲ ಐದು ದಿನದ ಶಿಬಿರ ಮಾಡಿ ಸರ್ಟಿಫಿಕೇಟ್ ಕೊಡುವ ಬದಲು, ತಿಂಗಳಿಗೊಮ್ಮೆ ಹದಿನೈದು ನಿಮಿಷ, ಅದೇ ವಾರ್ಡಿನಲ್ಲಿ, ಅದೇ ಟ್ರೇ ಇಟ್ಟುಕೊಂಡು, ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿದರೆ ಕೈಗೆ ನೆನಪು ಉಳಿಯುತ್ತದೆ.

‘ಸರ್, ಇದು ಜಾಸ್ತಿ ಅನ್ನಿಸ್ತಿದೆ, ಇನ್ನೊಮ್ಮೆ ನೋಡ್ತೀರಾ’ ಎಂದು ಸಿಸ್ಟರ್ ಕೇಳಿದಾಗ ಡಾಕ್ಟರು ಏನು ಹೇಳುತ್ತಾರೆ ಎಂಬುದರ ಮೇಲೂ ಮಗುವಿನ ಜೀವ ನಿಂತಿದೆ. ‘ಹೇಳಿದಷ್ಟು ಮಾಡಿ’ ಎಂಬ ಉತ್ತರ ಒಮ್ಮೆ ಬಂದರೆ ಸಾಕು, ಆ ಸಿಸ್ಟರ್ ಇನ್ನೊಮ್ಮೆ ಕೇಳುವುದಿಲ್ಲ, ಪಕ್ಕದಲ್ಲಿ ನಿಂತ ಹೊಸ ಹುಡುಗಿ ಯಾವತ್ತೂ ಕೇಳುವುದಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ‘ಒಳ್ಳೇದಾಯ್ತು ಸಿಸ್ಟರ್’ ಎನ್ನುವ ಹಿರಿಯ ವೈದ್ಯರಿರುವ ಕಡೆ ನರ್ಸ್‌ಗಳ ಜ್ಞಾನ ತಾನಾಗಿ ಬೆಳೆಯುತ್ತದೆ, ಏಕೆಂದರೆ ಅಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಮನೆಯವರ ಪಾಲೂ ಒಂದಿದೆ. ಜ್ವರದ ಪ್ಯಾರಾಸಿಟಮಾಲ್ ಒಂದು ಬಾಟಲಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುತ್ತದೆ, ಇನ್ನೊಂದರಲ್ಲಿ 250. ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100. ಹತ್ತು ಕೆ.ಜಿ.ಯ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ ಬೇಕೆಂದರೆ ಮೊದಲನೆಯದು 6 ಮಿ.ಲೀ., ಎರಡನೆಯದು 3, ಡ್ರಾಪ್ಸ್ ಒಂದೂವರೆ. ಸಿರಪ್ ಕೊಟ್ಟು ಅಭ್ಯಾಸವಾದವರು ಡ್ರಾಪ್ಸ್‌ನಲ್ಲಿ 6 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು. ‘ಒಂದು ಮುಚ್ಚಳ ಕುಡಿಸಿದ್ವಿ’ ಎಂದರೆ ಸಿಸ್ಟರ್‌ಗೆ ಏನೂ ತಿಳಿಯುವುದಿಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗ ಕುಡಿಸಿದ ಔಷಧದ ಬಾಟಲಿಯನ್ನೂ ಕೈಗೆ ತೆಗೆದುಕೊಳ್ಳಿ, ಕೊನೆಯ ಸಲ ಕೊಟ್ಟದ್ದು ಎಷ್ಟು ಗಂಟೆಗೆ ಎಂದು ಹೇಳಿ. ಅಂಗನವಾಡಿಯಲ್ಲಿ ಪ್ರತಿ ತಿಂಗಳು ಹಾಕುವ ತೂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಆ ಕಾರ್ಡೂ ಜತೆಗಿರಲಿ. ಕಾರ್ಡ್ ಸಿಗದಿದ್ದರೆ ಹೋದ ಸಲ ತೂಕ ಹಾಕಿದಾಗ ಎಷ್ಟು ಕೆ.ಜಿ. ಇತ್ತೆಂದು, ಸಿಸ್ಟರ್ ಕೇಳುವ ಮೊದಲೇ ಹೇಳಿಬಿಡಿ.